ಆಸ್ತಿ = ಹೊಣೆ + ಬಂಡವಾಳ: ದಿನಸಿ ಅಂಗಡಿಯ ಲೆಕ್ಕ ಹಿಡಿದು ಕಲಿಯುವುದು

ಡಬಲ್ ಎಂಟ್ರಿ, ಅಂದರೆ ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಲೆಕ್ಕಪದ್ಧತಿ, ಕಲಿಯಲು ಕೂತವರು ಮೊದಲು ಡೆಬಿಟ್-ಕ್ರೆಡಿಟ್ ನಿಯಮಗಳನ್ನು ಉರು ಹೊಡೆಯುತ್ತಾರೆ. ಅದನ್ನು ಬದಿಗಿಡಿ, ಸಮೀಕರಣ ಹಿಡಿಯಿರಿ. ಅಂಗಡಿಯ ಬಳಿ ಇರುವುದೆಲ್ಲ ಆಸ್ತಿ. ಅದರಲ್ಲಿ ಹೊರಗಿನವರ ಪಾಲು ಹೊಣೆ, ಮಾಲೀಕನ ಪಾಲು ಬಂಡವಾಳ. ಅಂಗಡಿ ಬೇರೆ, ಮಾಲೀಕ ಬೇರೆ. ಲೆಕ್ಕದಲ್ಲಿ ಇಬ್ಬರೂ ಎರಡು ಆಸಾಮಿಗಳು.

ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಕಲಿಯುವಾಗ ಪೆನ್ಸಿಲ್ಲೇ ವಾಸಿ. ವ್ಯತ್ಯಾಸವನ್ನು ತಾವೇ ಸಸ್ಪೆನ್ಸ್ ಖಾತೆಗೆ (ಕಾರಣ ತಿಳಿಯದ ಮೊತ್ತವನ್ನು ತಾತ್ಕಾಲಿಕವಾಗಿ ಇಡುವ ಖಾತೆ) ತಳ್ಳಿ ಲೆಕ್ಕ ಸರಿ ತೋರಿಸುವ ರೆಡಿಮೇಡ್ ಎಕ್ಸೆಲ್ ಶೀಟುಗಳನ್ನು ಮುಟ್ಟಲೇಬೇಡಿ.

1. ಮಾಲೀಕ ₹2,00,000 ಹಾಕಿದ: ಆಸ್ತಿ 2,00,000, ಬಂಡವಾಳ 2,00,000.

2. ಬ್ಯಾಂಕ್ ಸಾಲ ₹1,00,000 ಬಂತು: ಆಸ್ತಿ 3,00,000, ಹೊಣೆ 1,00,000.

3. ₹45,000ಕ್ಕೆ ಫ್ರೀಜರ್: ಹಣ ಹೋಗಿ ಫ್ರೀಜರ್ ಬಂತು, ಒಟ್ಟು ಮೊತ್ತ ಅಲ್ಲಾಡುವುದಿಲ್ಲ.

4. ಸಗಟು ವ್ಯಾಪಾರಿಯಿಂದ ₹60,000ದ ಮಾಲು ಉದ್ರಿ: ಆಸ್ತಿ 3,60,000, ಹೊಣೆ 1,60,000.

5. ಎಡವುವುದು ಇಲ್ಲಿ. ₹20,000 ಅಸಲಿನ ಮಾಲು ₹26,000ಕ್ಕೆ ಮಾರಾಟವಾಯಿತು. ₹16,000 ನಗದು, ₹10,000 ಉದ್ರಿ. ಹಲವರು ₹26,000 ನಗದು ಹೆಚ್ಚಿತೆಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಇದರಲ್ಲಿ ಎರಡು ತಪ್ಪು. ಗಿರಾಕಿಯಿಂದ ಬರಬೇಕಾದದ್ದು ನಗದಲ್ಲ, ಆದರೂ ಆಸ್ತಿಯೇ. ಇನ್ನು ದಾಸ್ತಾನಿನಿಂದ ₹20,000 ಇಳಿಯಬೇಕು. ಇಳಿಸುವುದು ಅಸಲಿನ ಬೆಲೆಗೆ, ಮಾರಿದ ಬೆಲೆಗಲ್ಲ. 16,000 + 10,000 − 20,000: ಆಸ್ತಿ ಹೆಚ್ಚಿದ್ದು ₹6,000. ಅದೇ ಲಾಭ, ಅದು ಮಾಲೀಕನದ್ದು, ಆದ್ದರಿಂದ ಬಂಡವಾಳ 2,06,000. ಈಗ 3,66,000 = 1,60,000 + 2,06,000.

6. ಬಾಡಿಗೆ ₹8,000: ನಗದೂ ಬಂಡವಾಳವೂ ಅಷ್ಟೇ ಇಳಿಯುತ್ತವೆ.

7. ಸಾಲದ ಕಂತು ₹5,000. ಇಡೀ ಕಂತನ್ನು ಖರ್ಚೆಂದು ಬರೆಯುವುದು ಮಾಮೂಲಿ ತಪ್ಪು. ಅದರಲ್ಲಿ ಬಡ್ಡಿ ₹1,000 ಇದ್ದರೆ ಅಷ್ಟು ಮಾತ್ರ ಬಂಡವಾಳದಿಂದ. ಉಳಿದ ₹4,000 ಅಸಲು ಹೊಣೆಯಿಂದ.

8. ಗಲ್ಲಾಪೆಟ್ಟಿಗೆಯಿಂದ ಮಗಳ ಸ್ಕೂಲ್ ಫೀಗೆ ₹3,000. ಇದು ಅಂಗಡಿಯ ಖರ್ಚಲ್ಲ, ಮಾಲೀಕನ ಹಿಂತೆಗೆತ. ಲಾಭದ ಲೆಕ್ಕಕ್ಕೆ ಸೇರಿಸದೆ ನೇರ ಬಂಡವಾಳದಿಂದ ಕಳೆಯಿರಿ.

ಕೊನೆಗೆ 3,50,000 = 1,56,000 + 1,94,000 ಬರಬೇಕು. ನಗದು-ಬ್ಯಾಂಕು 2,55,000, ಫ್ರೀಜರ್ 45,000, ದಾಸ್ತಾನು 40,000, ಉದ್ರಿ ಬಾಕಿ 10,000 ಕೂಡಿ ನೋಡಿ.

ಇಷ್ಟಾದ ಮೇಲೆ ಡೆಬಿಟ್-ಕ್ರೆಡಿಟ್ ಸಲೀಸು: ಆಸ್ತಿ ಹೆಚ್ಚಿದರೆ ಡೆಬಿಟ್, ಹೊಣೆ ಅಥವಾ ಬಂಡವಾಳ ಹೆಚ್ಚಿದರೆ ಕ್ರೆಡಿಟ್, ಇಳಿದರೆ ಉಲ್ಟಾ. ಪಾಸ್‌ಬುಕ್ ನೋಡಿ ಗಲಿಬಿಲಿಯಾಗಬೇಡಿ. ನೀವಿಟ್ಟ ಹಣ ಬ್ಯಾಂಕಿಗೆ ಹೊಣೆ, ಹಾಗಾಗಿ ಅವರ ಪುಸ್ತಕದಲ್ಲಿ ಅದು ಕ್ರೆಡಿಟ್, ನಿಮ್ಮದರಲ್ಲಿ ಡೆಬಿಟ್.

ತಾಳೆಯಾಗದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ. ಶೇಷ ಉಳಿಯದಿದ್ದರೆ 5,400 ಎಂಬಲ್ಲಿ 4,500 ಬರೆದಂತೆ ಅಂಕಿ ಅದಲುಬದಲಾಗಿರಬಹುದು. ವ್ಯತ್ಯಾಸದ ಅರ್ಧದಷ್ಟು ಮೊತ್ತದ ನಮೂದು ಸಿಕ್ಕರೆ ಅದು ತಪ್ಪು ಬದಿಗೆ ಹೋಗಿದೆಯೇ ನೋಡಿ. ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ‘ಡಿಫರೆನ್ಸ್ ಇನ್ ಓಪನಿಂಗ್ ಬ್ಯಾಲೆನ್ಸಸ್’ ಸಾಲು ಕಂಡರೆ ಆರಂಭದ ಬಾಕಿಗಳಿಗೇ ಮರಳಿ.

ತಾಳೆಯಾದ ಲೆಕ್ಕವೂ ತಪ್ಪಿರಬಹುದು. ಫ್ರೀಜರನ್ನು ಖರ್ಚೆಂದು ಬರೆದರೆ ಆಸ್ತಿ, ಬಂಡವಾಳ ಎರಡೂ ₹45,000 ಇಳಿದು ಸಮೀಕರಣ ಸರಿಯಾಗಿಯೇ ಕೂರುತ್ತದೆ. ಆದ್ದರಿಂದ ತಿಂಗಳ ಕೊನೆಗೆ ಗಲ್ಲಾದ ನಗದು ಎಣಿಸಿ, ದಾಸ್ತಾನು ತೂಗಿ, ಉದ್ರಿ ಪುಸ್ತಕದ ಜೊತೆ ಒಂದೊಂದೇ ಬಾಕಿ ಹೋಲಿಸಿ ಟಿಕ್ ಹಾಕಿ.