ಕೋಡಿ ಬೆಂಗ್ರೆಗೆ ನಾನು ಹೋಗೋದು ನೀರಿನ ಹೊತ್ತು ನೋಡಿ

ಉಡುಪಿ ಬಳಿಯ ಕೋಡಿ ಬೆಂಗ್ರೆಗೆ ಹೆಚ್ಚಿನವರು ಬರುವುದು ಸೂರ್ಯ ಮುಳುಗುವುದನ್ನು ನೋಡಲು. ನಾನು ಹೋಗುವುದು ಹಕ್ಕಿಗಳಿಗಾಗಿ, ಹಾಗಾಗಿ ಭರತ-ಇಳಿತದ ಸಮಯ ನೋಡದೆ ಬೈಕ್ ಹೊರಗೆ ತೆಗೆಯುವುದೇ ಇಲ್ಲ. ಮೊಬೈಲಿನಲ್ಲಿ ಮಲ್ಪೆಯ ಪಟ್ಟಿ ಸಿಗುತ್ತದೆ. ನೀರು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ, ಮರುದಿನ ಹೆಚ್ಚುಕಡಿಮೆ 50 ನಿಮಿಷ ತಡ. ಹೋದ ಭಾನುವಾರದ ಹೊತ್ತು ಈ ಭಾನುವಾರಕ್ಕೆ ಆಗುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಇನ್ನೂ ಕೆಳಗಿಳಿಯುತ್ತದೆ, ನನಗೆ ಆ ದಿನಗಳೇ ಇಷ್ಟ.

ಮಲ್ಪೆಯಿಂದ ಹೂಡೆ ದಾಟಿ ಬಂದರೆ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಸಪೂರ ರಸ್ತೆ. ಸೀತಾ, ಸ್ವರ್ಣಾ ಎರಡೂ ಸೇರಿ ಕಡಲಿಗೆ ಹೋಗುವ ಅಳಿವೆ ಅದರ ತುದಿಯಲ್ಲಿದೆ.

ನೀರು ಪೂರ್ತಿ ಇಳಿಯುವುದಕ್ಕೆ ಒಂದೆರಡು ಗಂಟೆ ಮುಂಚೆ ಹೊಳೆಬದಿಗೆ ಹೋಗಿ ಸುಮ್ನೆ ಕೂತುಬಿಡಿ. ಕೆಸರು ಬರಿದಾಗುತ್ತಿದ್ದಂತೆ ಏಡಿಗಳು ತೂತಿನಿಂದ ಹೊರಬರುತ್ತವೆ. ಕೆಲವು ಜಾತಿಯ ಗಂಡಿಗೆ ಒಂದು ಕೊಂಬು (ಇಕ್ಕಳದಂಥ ಮುಂಗಾಲು) ಮೈಯಷ್ಟೇ ದೊಡ್ಡದು, ಇನ್ನೊಂದು ಪುಟಾಣಿ. ದೊಡ್ಡದನ್ನು ಮೇಲೆತ್ತಿ ಬೀಸುತ್ತಾ ಹೆಣ್ಣನ್ನು ಕರೆಯುತ್ತದೆ, ಪುಟಾಣಿಯಿಂದ ಕೆಸರು ಬಾಯಿಗೆ ಹಾಕಿಕೊಳ್ಳುತ್ತದೆ. ನೀವು ಕೈ ಅಲ್ಲಾಡಿಸಿದರೆ ಸಾಕು, ಎಲ್ಲ ಮಾಯ! ಮತ್ತೆ ಬರುವವರೆಗೆ ಕಾಯಬೇಕು. ಬೆಳ್ಳಕ್ಕಿ, ಮಿಂಚುಳ್ಳಿ, ಗರುಡ ವರ್ಷವಿಡೀ ಇರುತ್ತವೆ. ಆದರೆ ಕೆಸರಿಗೆ ಕೊಕ್ಕು ಚುಚ್ಚಿ ಹುಳ ಹೆಕ್ಕುವ ವಲಸೆ ಹಕ್ಕಿಗಳು ಬೇಕಿದ್ದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಬನ್ನಿ. ದೂರದ ಉತ್ತರದಿಂದ ಹಾರಿ ಬಂದವು ಅವು. ಅವನ್ನು ಓಡಿಸಿ, ಹಾರುವ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕಯಾಕ್‌ಗೆ ಇದು ತಿರುಗಾಮುರುಗಾ, ನೀರು ಏರಿರಬೇಕು. ನಾನು ಹೋಗುವುದು ಸಾಲಿಗ್ರಾಮದ ಪಾರಂಪಳ್ಳಿ ಕಡೆ, ಸೀತಾ ಹೊಳೆಯ ಹಿನ್ನೀರಿಗೆ. ಭರತವಿದ್ದಾಗ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ನಡುವೆ, ಬೇರುಗಳ ಪಕ್ಕದಲ್ಲೇ ನುಸುಳಬಹುದು. ಇಳಿತ ಶುರುವಾದರೆ ಅದೇ ಸಂದಿಯಲ್ಲಿ ಕಯಾಕ್ ಕೆಸರಿಗೆ ಕೂರುತ್ತದೆ, ಆಮೇಲೆ ಇಳಿದು ತಳ್ಳುವುದೇ ಕೆಲಸ. ಈಜು ಬಂದರೂ ಲೈಫ್ ಜಾಕೆಟ್ ಬಿಚ್ಚಬೇಡಿ.

ಅಳಿವೆ ಬಾಯಲ್ಲಿ ಮಾತ್ರ ನೀರಿಗಿಳಿಯಲೇಬೇಡಿ. ಇಳಿತದ ಹೊತ್ತಿಗೆ ಎರಡು ಹೊಳೆಯ ನೀರೂ ಅದೊಂದೇ ಬಾಗಿಲಿನಿಂದ ಕಡಲಿಗೆ ನುಗ್ಗುತ್ತದೆ, ಮೇಲಿಂದ ನೋಡಿದರೆ ಆ ಸೆಳೆತ ಗೊತ್ತೇ ಆಗುವುದಿಲ್ಲ. ಸ್ನಾನ ಮಾಡಲೇಬೇಕು ಅಂದರೆ ವಾಪಸ್ ಮಲ್ಪೆಗೆ ಬನ್ನಿ, ಅಲ್ಲಿ ಜೀವರಕ್ಷಕರಾದರೂ ಇರುತ್ತಾರೆ.