ಸೈಬರ್ ದಾಳಿಯ ಪೆಟ್ಟು ಎಷ್ಟೆಂದು ಮುಂಚೆಯೇ ಲೆಕ್ಕ ಹಾಕುವುದು ಹೇಗೆ?

2017ರ ಜೂನ್ 27ರಂದು ಡೆನ್ಮಾರ್ಕಿನ ಹಡಗು ಸಾಗಣೆ ಸಂಸ್ಥೆ ಮಾರ್ಸ್ಕ್‌ನ ಕಂಪ್ಯೂಟರುಗಳು ಒಂದರ ಹಿಂದೊಂದು ಕೈಕೊಟ್ಟವು. ‘ನಾಟ್‌ಪೆಟ್ಯಾ’ ಎಂಬ ಆ ಕುತಂತ್ರಾಂಶ ಕಡತಗಳಿಗೆ ಬೀಗ ಹಾಕಿ, ಅದನ್ನು ತೆಗೆಯಲು ಪರದೆಯ ಮೇಲೆ ಕೇಳಿದ್ದು ಕಂಪ್ಯೂಟರೊಂದಕ್ಕೆ ಕೇವಲ 300 ಡಾಲರ್ ಬೆಲೆಯ ಬಿಟ್‌ಕಾಯಿನ್. ಸಂಸ್ಥೆಗೆ ಕಡೆಗೆ ತಗುಲಿದ ನಷ್ಟ 25ರಿಂದ 30 ಕೋಟಿ ಡಾಲರ್. ಹತ್ತು ದಿನಗಳಲ್ಲಿ 45,000 ಕಂಪ್ಯೂಟರುಗಳನ್ನೂ 4,000 ಸರ್ವರುಗಳನ್ನೂ ಹೊಸದಾಗಿ ಸಜ್ಜುಗೊಳಿಸಬೇಕಾಯಿತು. ಮುಂಬೈ ಬಳಿಯ ಜವಾಹರಲಾಲ್ ನೆಹರು ಬಂದರಿನಲ್ಲಿ ಅದೇ ಸಮೂಹ ನಡೆಸುತ್ತಿದ್ದ ಟರ್ಮಿನಲ್‌ನ ಕೆಲಸವೂ ನಿಂತುಹೋಯಿತು.

ಕೇಳಿದ ಹಣಕ್ಕೂ ಆದ ನಷ್ಟಕ್ಕೂ ಸಂಬಂಧವೇ ಇಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಸುದ್ದಿಯಲ್ಲಿ ಎದ್ದು ಕಾಣುವುದು ಕದ್ದ ಹಣ ಅಥವಾ ಕೇಳಿದ ಒತ್ತೆ ಹಣ. ಸಂಸ್ಥೆಯನ್ನು ಮಲಗಿಸುವುದು ಮಾತ್ರ ಕೆಲಸ ನಿಂತ ದಿನಗಳು. ಆ ದಿನಗಳೆಷ್ಟು ಎಂಬುದನ್ನು ದಾಳಿಗೆ ಮುಂಚೆಯೇ ಅಂದಾಜಿಸಲು ದುಬಾರಿ ಸಲಹೆಗಾರರು ಬೇಕಿಲ್ಲ. ಒಂದು ನೋಟುಪುಸ್ತಕ, ಒಂದು ಮಧ್ಯಾಹ್ನ ಮತ್ತು ಕಚೇರಿಯ ಕೆಲಸ ಬಲ್ಲ ಇಬ್ಬರು ಹಿರಿಯ ಸಿಬ್ಬಂದಿ ಇದ್ದರೆ ಸಣ್ಣ ಸಂಸ್ಥೆಯೂ ಈ ಲೆಕ್ಕ ಮಾಡಬಹುದು. ಉದಾಹರಣೆಗೆ ಮಲೆನಾಡಿನ ಒಂದು ಅಡಿಕೆ ಮಾರಾಟ ಸಹಕಾರ ಸಂಘವನ್ನು ಊಹಿಸಿಕೊಳ್ಳೋಣ. ಸಂಘ ಕಾಲ್ಪನಿಕ, ಅದರ ಅಂಕಿಗಳೂ ಕಾಲ್ಪನಿಕ. ಲೆಕ್ಕದ ವಿಧಾನ ಮಾತ್ರ ನಿಜ.

ಮೊದಲ ಹೆಜ್ಜೆ: ಯಂತ್ರಗಳನ್ನಲ್ಲ, ಕೆಲಸಗಳನ್ನು ಬರೆಯಿರಿ

ಕಂಪ್ಯೂಟರುಗಳ ಪಟ್ಟಿ ಮಾಡಲು ಹೊರಟರೆ ‘ಎಂಟು ಕಂಪ್ಯೂಟರ್, ಎರಡು ಪ್ರಿಂಟರ್’ ಎಂದು ಬರೆದು ಮುಗಿಯುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಬದಲಿಗೆ ಬೆಳಿಗ್ಗೆ ಬಾಗಿಲು ತೆರೆದಾಗಿನಿಂದ ಸಂಜೆ ಬೀಗ ಹಾಕುವವರೆಗೆ ನಡೆಯುವ ಕೆಲಸಗಳನ್ನು ಕ್ರಮವಾಗಿ ಬರೆಯಬೇಕು. ನಮ್ಮ ಸಂಘದಲ್ಲಿ ಅವು ಹೀಗಿರುತ್ತವೆ: ಸದಸ್ಯರ ಮೂಟೆ ಇಳಿಸಿಕೊಂಡು ತೂಕದ ಚೀಟಿ ಕೊಡುವುದು, ಮಾರಾಟಕ್ಕಿಟ್ಟ ಪ್ರತಿ ರಾಶಿಗೆ ಲಾಟು ಸಂಖ್ಯೆ ಹಾಕುವುದು, ಟೆಂಡರಿನಲ್ಲಿ ವರ್ತಕರು ಬರೆದ ದರಗಳನ್ನು ಹೋಲಿಸುವುದು, ಮಾರಾಟ ಪಟ್ಟಿ ಮುದ್ರಿಸುವುದು, ಸಾಲ ಮುರಿದುಕೊಂಡು ಉಳಿದ ಹಣವನ್ನು ಸದಸ್ಯರ ಖಾತೆಗೆ ಜಮಾ ಮಾಡುವುದು, ಜಿಎಸ್‌ಟಿ ಲೆಕ್ಕ ಸಲ್ಲಿಸುವುದು.

ಪ್ರತಿ ಕೆಲಸದ ಎದುರು ‘ಕಂಪ್ಯೂಟರ್ ಇಲ್ಲದೆ ಇದನ್ನು ಎಷ್ಟು ದಿನ ನಡೆಸಬಹುದು?’ ಎಂಬ ಪ್ರಶ್ನೆಗೆ ಉತ್ತರ ಬರೆಯಿರಿ. ತೂಕದ ಚೀಟಿಯನ್ನು ಕೈಯಲ್ಲಿ ಬರೆದು ವಾರ ನಡೆಸಬಹುದು. ಯಾರ ಸಾಲ ಎಷ್ಟು ಬಾಕಿ ಇದೆ ಎಂಬುದು ಕಂಪ್ಯೂಟರಿನಲ್ಲಿ ಮಾತ್ರ ಇದ್ದರೆ ಸಾಲ ಮುರಿದುಕೊಳ್ಳುವ ಕೆಲಸ ಒಂದು ದಿನವೂ ನಡೆಯದು.

ಈ ಪ್ರಶ್ನೆ ಸಣ್ಣದೆಂದು ಕಂಡರೆ ದೆಹಲಿಯ ಏಮ್ಸ್ ಆಸ್ಪತ್ರೆಯ ಪ್ರಸಂಗವನ್ನು ನೋಡಬಹುದು. 2022ರ ನವೆಂಬರ್ 23ರಂದು ಅಲ್ಲಿ ದಾಳಿಗೆ ಸಿಕ್ಕಿದ್ದು ಐದು ಸರ್ವರುಗಳು, ಸುಮಾರು 1.3 ಟೆರಾಬೈಟ್ ದತ್ತಾಂಶ. ಇಂದು ಅಂಗಡಿಯಲ್ಲಿ ಸಿಗುವ ಕೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿ ಅಷ್ಟೂ ಹಿಡಿಸುತ್ತದೆ. ಆದರೂ ಹೊರರೋಗಿಗಳ ನೋಂದಣಿ, ಪ್ರಯೋಗಾಲಯದ ವರದಿ, ಬಿಲ್ಲು ಎಲ್ಲವೂ ಸುಮಾರು ಎರಡು ವಾರ ಕೈಬರಹಕ್ಕೆ ಇಳಿದವು. ದತ್ತಾಂಶದ ಗಾತ್ರ ನೋಡಿ ಪೆಟ್ಟಿನ ಗಾತ್ರ ಹೇಳಲಾಗದು. ಯಾವ ಕೆಲಸ ಅದರ ಮೇಲೆ ನಿಂತಿದೆ ಎಂಬುದನ್ನು ನೋಡಬೇಕು.

ಎರಡನೆಯ ಹೆಜ್ಜೆ: ನಿಮ್ಮ ಬೀಗದ ಕೈ ಇನ್ನಾರ ಬಳಿ ಇದೆ?

ನಾಟ್‌ಪೆಟ್ಯಾ ಹರಡಿದ್ದು ಉಕ್ರೇನಿನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುತ್ತಿದ್ದ ‘ಮಿಡಾಕ್’ ಎಂಬ ತಂತ್ರಾಂಶದ ಅಪ್‌ಡೇಟ್ ಮೂಲಕ. ನಂಬಿಕೊಂಡ ದಾರಿಯಿಂದಲೇ ಶತ್ರು ಒಳಬಂದಿದ್ದ. ನಮ್ಮ ದೇಶದಲ್ಲಿ 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ತಂತ್ರಜ್ಞಾನ ಸೇವಾ ಸಂಸ್ಥೆಗೆ ಕಡತಗಳಿಗೆ ಬೀಗ ಹಾಕಿ ಒತ್ತೆ ಹಣ ಕೇಳುವ ಕುತಂತ್ರಾಂಶದ, ಅಂದರೆ ರ‍್ಯಾನ್ಸಂವೇರ್ ಪೆಟ್ಟು ಬಿದ್ದಾಗ, ಸೋಂಕು ಹಬ್ಬದಿರಲೆಂದು ರಾಷ್ಟ್ರೀಯ ಪಾವತಿ ನಿಗಮವು ಅದರ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿದುಹಾಕಿತು. ಅದನ್ನು ನೆಚ್ಚಿಕೊಂಡಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಪಾವತಿ ಸೇವೆ ನಿಂತಿತು. ಆ ಬ್ಯಾಂಕುಗಳ ಸ್ವಂತ ಕಂಪ್ಯೂಟರುಗಳಲ್ಲಿ ಲೋಪವಿರಬೇಕಾದ ಅಗತ್ಯವೇ ಇರಲಿಲ್ಲ.

ಆದ್ದರಿಂದ ಕೆಲಸಗಳ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಕಲಂ ಎಳೆದು, ಆ ಕೆಲಸಕ್ಕೆ ಹೊರಗಿನ ಯಾರು ಬೇಕು ಎಂದು ಬರೆಯಿರಿ: ತಂತ್ರಾಂಶ ಕೊಟ್ಟವರು, ಬ್ಯಾಂಕು, ಇಂಟರ್‌ನೆಟ್ ಒದಗಿಸುವವರು, ವಾರಕ್ಕೊಮ್ಮೆ ದೂರದಿಂದಲೇ ಕಂಪ್ಯೂಟರಿಗೆ ಪ್ರವೇಶಿಸಿ ಲೆಕ್ಕ ಸರಿಪಡಿಸುವ ಹುಡುಗ. ಆ ಹುಡುಗನ ಪಾಸ್‌ವರ್ಡ್ ಏನೆಂದು ವಿಚಾರಿಸಿದರೆ ಹಲವು ಕಚೇರಿಗಳಲ್ಲಿ ಸಂಸ್ಥೆಯ ಹೆಸರು ಮತ್ತು ‘123’ ಎಂಬ ಉತ್ತರ ಬರುವ ಸಾಧ್ಯತೆ ಹೆಚ್ಚು. 2021ರ ಮೇ ತಿಂಗಳಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಇಂಧನ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ನಿಂತದ್ದೂ ಇಂಥದೇ ಬಾಗಿಲಿನಿಂದ: ಯಾರೂ ಬಳಸದೆ ಉಳಿದಿದ್ದ ಒಂದು ಹಳೆಯ ದೂರಪ್ರವೇಶ ಖಾತೆ. ಅದಕ್ಕೆ ಪಾಸ್‌ವರ್ಡ್ ಒಂದೇ ಕಾವಲಾಗಿತ್ತು, ಒಟಿಪಿಯಂತಹ ಎರಡನೆಯ ತಪಾಸಣೆ ಇರಲಿಲ್ಲ.

ಮೂರನೆಯ ಹೆಜ್ಜೆ: ಬ್ಯಾಕಪ್ ಇದೆ ಎಂಬ ಮಾತನ್ನು ನಂಬಬೇಡಿ

ಬ್ಯಾಕಪ್, ಅಂದರೆ ದತ್ತಾಂಶದ ಮೀಸಲು ಪ್ರತಿಯ ಬಗ್ಗೆ ಕೇಳಿದರೆ ಎಲ್ಲರೂ ‘ಇದೆ’ ಎನ್ನುತ್ತಾರೆ. ಎಲ್ಲಿದೆ ಎಂದು ನೋಡಹೋದರೆ ಅದೇ ಕಂಪ್ಯೂಟರಿನ ಹಿಂಬದಿಗೆ ವರ್ಷವಿಡೀ ಚುಚ್ಚಿಕೊಂಡಿರುವ, ಧೂಳು ಕೂತ ಹಾರ್ಡ್ ಡಿಸ್ಕ್ ಕಾಣುತ್ತದೆ. ರ‍್ಯಾನ್ಸಂವೇರ್ ಕಂಪ್ಯೂಟರಿನ ಕಡತಗಳನ್ನು ಗೂಢಲಿಪಿಗೆ ತಿರುಗಿಸುವಾಗ ಆ ಡಿಸ್ಕನ್ನೂ ಬಿಡುವುದಿಲ್ಲ. ಮನೆಯ ಕೀಲಿಯ ನಕಲನ್ನು ಬಾಗಿಲಿಗೇ ನೇತುಹಾಕಿದಂತೆ ಅದು.

ಮಾರ್ಸ್ಕ್‌ನಲ್ಲಿ ನಡೆದದ್ದು ಇನ್ನೂ ವಿಚಿತ್ರ. ಬಳಕೆದಾರರನ್ನು ಗುರುತಿಸಿ ಒಳಬಿಡುವ ಪ್ರಮುಖ ಸರ್ವರುಗಳು ಅಲ್ಲಿ ಹಲವಾರಿದ್ದು, ಒಂದು ಕೆಟ್ಟರೆ ಇನ್ನೊಂದರಿಂದ ನಕಲು ಪಡೆಯುವ ವ್ಯವಸ್ಥೆ ಇತ್ತು. ಎಲ್ಲವೂ ಒಟ್ಟಿಗೇ ಅಳಿಸಿಹೋಗಬಹುದೆಂದು ಯಾರೂ ಎಣಿಸಿರಲಿಲ್ಲ. ಘಾನಾ ದೇಶದ ಕಚೇರಿಯಲ್ಲಿದ್ದ ಒಂದು ಸರ್ವರ್ ಮಾತ್ರ ದಾಳಿಯ ಹೊತ್ತಿಗೆ ವಿದ್ಯುತ್ ಕಡಿತದಿಂದ ಸ್ಥಗಿತಗೊಂಡಿತ್ತು, ಹಾಗಾಗಿ ಉಳಿಯಿತು. ಅದರಲ್ಲಿದ್ದ ಪ್ರತಿಯನ್ನು ಮನುಷ್ಯರೇ ವಿಮಾನದಲ್ಲಿ ಹೊತ್ತು ತಂದರೆಂದು ಬಳಿಕ ವರದಿಯಾಯಿತು. ಕರೆಂಟು ಹೋದದ್ದಕ್ಕೆ ಶಪಿಸುವುದೇ ರೂಢಿಯಾಗಿರುವ ನಮಗೆ ಇದು ಸ್ವಲ್ಪ ಸಮಾಧಾನ ಕೊಡುವ ಕಥೆ.

ಅದೃಷ್ಟವನ್ನು ನಂಬದವರು ಮಾಡಬೇಕಾದದ್ದು ಸರಳವಾಗಿದೆ. ದತ್ತಾಂಶದ ಮೂರು ಪ್ರತಿಗಳು ಇರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಕಚೇರಿಯಿಂದ ಹೊರಗಿರಲಿ. ಕನಿಷ್ಠ ಒಂದಕ್ಕೆ ಯಾವ ತಂತಿಯ ಸಂಪರ್ಕವೂ ಇರದಿರಲಿ. ಎರಡು ಹಾರ್ಡ್ ಡಿಸ್ಕ್ ಕೊಂಡು ಒಂದಕ್ಕೆ ‘ಸಮ’, ಇನ್ನೊಂದಕ್ಕೆ ‘ಬೆಸ’ ಎಂದು ಚೀಟಿ ಅಂಟಿಸಿ, ವಾರ ಬಿಟ್ಟು ವಾರ ಬಳಸಿ, ಕೆಲಸವಿಲ್ಲದ್ದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬಹುದು.

ನಂತರ ಬರುವುದು ಬಹುತೇಕರು ಮಾಡದೆ ಬಿಡುವ ಕೆಲಸ. ಬೇರೆಯೇ ಒಂದು ಕಂಪ್ಯೂಟರಿನಲ್ಲಿ ಆ ಡಿಸ್ಕಿನಿಂದ ಲೆಕ್ಕವನ್ನು ಮರಳಿ ತೆರೆದು, ನಿನ್ನೆಯ ಮಾರಾಟ ಪಟ್ಟಿಯೊಂದನ್ನು ಮುದ್ರಿಸಿ ನೋಡಬೇಕು. ಅದಕ್ಕೆ ಹಿಡಿದ ಸಮಯವನ್ನು ಗಡಿಯಾರ ನೋಡಿ ಬರೆದುಕೊಳ್ಳಿ. ತಂತ್ರಾಂಶ ಹಾಕುವವನು ಬರಲು ಎರಡು ದಿನ, ಲೈಸೆನ್ಸ್ ಸಂಖ್ಯೆ ಹುಡುಕಲು ಅರ್ಧ ದಿನ, ಲೆಕ್ಕ ತಾಳೆ ನೋಡಲು ಮೂರು ದಿನ ಎಂದಾದರೆ ನಿಮ್ಮ ‘ನಿಂತ ದಿನಗಳ’ ಮೊದಲ ಪ್ರಾಮಾಣಿಕ ಅಂಕಿ ನಿಮಗೆ ಸಿಕ್ಕಿತು.

ನಾಲ್ಕನೆಯ ಹೆಜ್ಜೆ: ರೂಪಾಯಿಗೆ ಇಳಿಸಿ

ನಮ್ಮ ಸಂಘದ ದಿನದ ವಹಿವಾಟು 25 ಲಕ್ಷ ರೂಪಾಯಿ, ಕಮಿಷನ್ ಶೇ 2 ಎಂದಿಟ್ಟುಕೊಂಡರೆ ದಿನದ ಆದಾಯ 50,000 ರೂಪಾಯಿ. ಮೇಲಿನ ಐದೂವರೆ ದಿನಕ್ಕೆ ಉಳಿದ ವಿಳಂಬಗಳನ್ನೂ ಸೇರಿಸಿ ಒಂಬತ್ತು ಕೆಲಸದ ದಿನ ನಿಂತರೆ 4.5 ಲಕ್ಷ. ಅಷ್ಟನ್ನೂ ನಷ್ಟವೆಂದು ಬರೆಯುವುದು ತಪ್ಪಾಗುತ್ತದೆ, ಏಕೆಂದರೆ ಕೆಲವು ಸದಸ್ಯರು ಕಾದು ಮತ್ತೆ ಇಲ್ಲಿಗೇ ಮೂಟೆ ತರುತ್ತಾರೆ. ಅರ್ಧದಷ್ಟು ಮರಳಿ ಬಂದೀತೆಂದು ಹಿಡಿದರೆ ನಿಜವಾದ ನಷ್ಟ 2.25 ಲಕ್ಷ. ಯಂತ್ರಗಳ ಮರುಜೋಡಣೆ ಮತ್ತು ತಂತ್ರಜ್ಞರ ಕೂಲಿಗೆ 1.6 ಲಕ್ಷ. ಕಳೆದುಹೋದ ತಿಂಗಳುಗಳ ಚೀಟಿಗಳನ್ನು ಮತ್ತೆ ಏರಿಸಲು ಇಬ್ಬರಿಗೆ ದಿನಕ್ಕೆ 700 ರೂಪಾಯಿಯಂತೆ 40 ದಿನ, ಅಂದರೆ 56,000. ಒಟ್ಟು 4.41 ಲಕ್ಷ.

ಸಿಬ್ಬಂದಿಯ ಸಂಬಳವನ್ನು ಇದಕ್ಕೆ ಸೇರಿಸುವ ಚಪಲ ಎಲ್ಲರಿಗೂ ಇರುತ್ತದೆ. ದಾಳಿ ಆಗಲಿ ಬಿಡಲಿ ಸಂಬಳ ಕೊಡಲೇಬೇಕಾದದ್ದು. ಹೋದ ಕಮಿಷನ್ ಬರೆದ ಮೇಲೆ ಅದನ್ನೂ ಬರೆದರೆ ಒಂದೇ ನಷ್ಟವನ್ನು ಎರಡು ಸಲ ಎಣಿಸಿದಂತಾಗುತ್ತದೆ. ಉಬ್ಬಿಸಿದ ಲೆಕ್ಕವನ್ನು ಆಡಳಿತ ಮಂಡಳಿಯ ಒಬ್ಬ ನಿರ್ದೇಶಕ ಪತ್ತೆಹಚ್ಚಿದರೆ ಸಾಕು, ಉಳಿದದ್ದನ್ನೂ ಯಾರೂ ನಂಬರು.

ರೂಪಾಯಿಗೆ ಇಳಿಯದ ಭಾಗವೊಂದಿದೆ. ಸದಸ್ಯರ ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆಗಳು ಒಮ್ಮೆ ಹೊರಗೆ ಹೋದರೆ ಯಾವ ಬ್ಯಾಕಪ್ಪೂ ಅವನ್ನು ಮರಳಿ ತರಲಾರದು. ಆಮೇಲೆ ವಂಚಕರ ಕರೆ ಬರುವುದು ಕಚೇರಿಗಲ್ಲ, ಸದಸ್ಯರ ಮನೆಗೆ. ವೈಯಕ್ತಿಕ ದತ್ತಾಂಶದ ಸಂರಕ್ಷಣೆಯಲ್ಲಿ ಎಡವಿದವರಿಗೆ 250 ಕೋಟಿ ರೂಪಾಯಿವರೆಗೂ ದಂಡ ವಿಧಿಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಬೇಡದ ಜೆರಾಕ್ಸ್ ಪ್ರತಿಗಳನ್ನೂ ಹಳೆಯ ಸ್ಕ್ಯಾನ್‌ಗಳನ್ನೂ ಈಗಲೇ ನಾಶಪಡಿಸುವುದು ಈ ಭಾಗವನ್ನು ಕುಗ್ಗಿಸುವ ಅಗ್ಗದ ದಾರಿ.

ಐದನೆಯ ಹೆಜ್ಜೆ: ಮೊದಲ ಆರು ಗಂಟೆಯ ಹಾಳೆ

ದಾಳಿಕೋರರು ಹಲವು ಸಲ ರಜೆಯ ದಿನ ನೋಡಿಯೇ ಬರುತ್ತಾರೆ. ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ 94 ಕೋಟಿ ರೂಪಾಯಿ ಲಪಟಾಯಿಸುವ ಕೆಲಸ ಶುರುವಾದದ್ದು 2018ರ ಆಗಸ್ಟ್ 11ರಂದು, ಶನಿವಾರ. ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ 2016ರ ಫೆಬ್ರುವರಿಯಲ್ಲಿ 95.1 ಕೋಟಿ ಡಾಲರ್ ಸಾಗಿಸಲು ಯತ್ನಿಸಿ 8.1 ಕೋಟಿ ಡಾಲರನ್ನು ಫಿಲಿಪ್ಪೀನ್ಸಿಗೆ ದಾಟಿಸಿದವರು ಅಲ್ಲಿನ ಶುಕ್ರವಾರದ ರಜೆಯನ್ನು ಆರಿಸಿಕೊಂಡಿದ್ದರು. ಅಂದು ವಹಿವಾಟಿನ ವಿವರ ಮುದ್ರಿಸುವ ಪ್ರಿಂಟರ್ ಕೆಲಸ ಮಾಡುತ್ತಿರಲಿಲ್ಲ. ಪ್ರಿಂಟರ್ ಕೆಡುವುದು ಎಲ್ಲ ಕಚೇರಿಯಲ್ಲೂ ಇದ್ದದ್ದೇ ಎಂದು ಸಿಬ್ಬಂದಿ ಭಾವಿಸಿದರು. ದಾಳಿಯ ಮೊದಲ ಕುರುಹು ಅದೇ ಆಗಿತ್ತು.

ಆದ್ದರಿಂದ ಒಂದು ಹಾಳೆಯನ್ನು ಮುದ್ರಿಸಿ ಗೋಡೆಗೆ ಅಂಟಿಸಿ, ಮೊಬೈಲಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಅನುಮಾನ ಬಂದೊಡನೆ ನೆಟ್‌ವರ್ಕ್ ತಂತಿ ಕೀಳಬೇಕು, ವೈಫೈ ಆರಿಸಬೇಕು. ಸಾಧ್ಯವಾದರೆ ಯಂತ್ರವನ್ನು ಆಫ್ ಮಾಡದೆ ಹಾಗೆಯೇ ಬಿಡಬೇಕು, ಏಕೆಂದರೆ ತನಿಖೆಗೆ ಬೇಕಾದ ಸುಳಿವು ಅದರ ನೆನಪಿನಲ್ಲಿ ಉಳಿದಿರುತ್ತದೆ. ಪರದೆಯ ಫೋಟೊ ತೆಗೆಯಬೇಕು. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಿಬಿಡುವ ಉತ್ಸಾಹಿಯನ್ನು ತಡೆಯಬೇಕು. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮತ್ತು ಬ್ಯಾಂಕಿಗೆ ಕೂಡಲೇ ಕರೆ ಮಾಡಬೇಕು. ಘಟನೆ ತಿಳಿದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ತುರ್ತು ಸ್ಪಂದನಾ ತಂಡವಾದ ಸಿಇಆರ್‌ಟಿ-ಇನ್‌ಗೆ ವರದಿ ಮಾಡಬೇಕೆಂದು ಆ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನ ಹೇಳುತ್ತದೆ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯ ಸಂಖ್ಯೆಯೂ ಆ ಹಾಳೆಯಲ್ಲಿರಲಿ.

ಒತ್ತೆ ಹಣದ ಪ್ರಶ್ನೆಯನ್ನೂ ಆಡಳಿತ ಮಂಡಳಿ ಶಾಂತವಾಗಿರುವಾಗಲೇ ಚರ್ಚಿಸಿ ನಿರ್ಣಯ ಬರೆದಿಡುವುದು ಒಳ್ಳೆಯದು. ಕಲೋನಿಯಲ್ ಪೈಪ್‌ಲೈನ್ 75 ಬಿಟ್‌ಕಾಯಿನ್, ಅಂದರೆ ಆಗಿನ ಬೆಲೆಯಲ್ಲಿ ಸುಮಾರು 44 ಲಕ್ಷ ಡಾಲರ್ ತೆತ್ತಿತು. ಪ್ರತಿಯಾಗಿ ಸಿಕ್ಕ ಬೀಗ ತೆರೆಯುವ ತಂತ್ರಾಂಶ ಎಷ್ಟು ನಿಧಾನವಾಗಿತ್ತೆಂದರೆ, ಸಂಸ್ಥೆ ತನ್ನದೇ ಬ್ಯಾಕಪ್‌ಗಳನ್ನು ನೆಚ್ಚಬೇಕಾಯಿತು. ನಾಟ್‌ಪೆಟ್ಯಾದಲ್ಲಂತೂ ಹಣ ಕೊಟ್ಟರೂ ಕಡತ ಮರಳುವ ಏರ್ಪಾಡೇ ಇರಲಿಲ್ಲ. 2019ರ ಮಾರ್ಚಿನಲ್ಲಿ ದಾಳಿಗೊಳಗಾದ ನಾರ್ವೆಯ ಅಲ್ಯೂಮಿನಿಯಂ ಸಂಸ್ಥೆ ನೋರ್ಸ್ಕ್ ಹೈಡ್ರೋ ಹಣ ಕೊಡಲೊಪ್ಪದೆ, ಕಂಪ್ಯೂಟರನ್ನು ನೆಟ್‌ವರ್ಕಿಗೆ ಜೋಡಿಸಬೇಡಿ ಎಂಬ ಕಾಗದವನ್ನು ಕಚೇರಿಯ ಬಾಗಿಲುಗಳಿಗೆ ಅಂಟಿಸಿ, ಕೈಯಾರೆ ಯಂತ್ರ ನಡೆಸುವುದಕ್ಕೆ ಮರಳಿತು.

ಅಪ್‌ಡೇಟ್ ಬಗ್ಗೆ ಒಂದೇ ಮಾತು ಸಾಕು. 2017ರ ಮೇ 12ರಂದು ಹಬ್ಬಿದ ‘ವನ್ನಾಕ್ರೈ’ ಎಂಬ ಕುತಂತ್ರಾಂಶ ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಸುಮಾರು 19,000 ಭೇಟಿಗಳನ್ನು ರದ್ದುಪಡಿಸಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಪರಿಹಾರವನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು.

ಕೊನೆಯ ಹೆಜ್ಜೆ: ಒಂದು ದಿನ ಕಂಪ್ಯೂಟರ್ ಮುಟ್ಟಬೇಡಿ

ವಹಿವಾಟು ಕಡಿಮೆ ಇರುವ ಒಂದು ದಿನ ಮೊದಲೇ ತಿಳಿಸಿ, ಎಲ್ಲ ಕಂಪ್ಯೂಟರುಗಳನ್ನೂ ಬದಿಗಿಟ್ಟು ಸಂಜೆಯವರೆಗೆ ಕೆಲಸ ನಡೆಸಿ. ನೋಟುಪುಸ್ತಕದಲ್ಲಿ ಬರೆದ ಅಂದಾಜುಗಳಲ್ಲಿ ಯಾವುದು ಸುಳ್ಳು ಎಂಬುದು ಊಟದ ಹೊತ್ತಿಗೆ ತಿಳಿದಿರುತ್ತದೆ. ವಾರ ನಡೆಸಬಹುದು ಎಂದು ಬರೆದಿದ್ದ ತೂಕದ ಚೀಟಿಯ ಕೆಲಸವೇ ಮೊದಲು ನಿಲ್ಲಬಹುದು: ಹಳೆಯ ಚೀಟಿ ಪುಸ್ತಕ ಕಪಾಟಿನಲ್ಲಿ ಇರುತ್ತದೆ, ಕಾರ್ಬನ್ ಹಾಳೆ ಒಣಗಿಹೋಗಿರುತ್ತದೆ, ಲಾಟು ಸಂಖ್ಯೆ ನಿನ್ನೆ ಎಲ್ಲಿಗೆ ನಿಂತಿತ್ತು ಎಂಬುದು ಕಂಪ್ಯೂಟರಿಗೆ ಮಾತ್ರ ಗೊತ್ತಿರುತ್ತದೆ. ಆ ಸಂಜೆಯಿಂದಲೇ ಬಾಗಿಲು ಹಾಕುವ ಮುನ್ನ ಕೊನೆಯ ಲಾಟು ಸಂಖ್ಯೆಯನ್ನೂ ಸದಸ್ಯರ ಸಾಲ ಬಾಕಿಯ ಪಟ್ಟಿಯನ್ನೂ ಮುದ್ರಿಸಿ, ಕಾರ್ಯದರ್ಶಿಯ ಮೇಜಿನ ಖಾನೆಯಲ್ಲಿ ಇಡಲು ಶುರುಮಾಡಿ.