ಹೆಲಿಕಾಪ್ಟರಿಗಿಂತ ಮೊದಲು ವೈರ್‌ಲೆಸ್: ಕಾಡ್ಗಿಚ್ಚಿನ ಪಡೆ ಕಟ್ಟಿದ ಅನುಭವ

ಅರಣ್ಯ ಇಲಾಖೆ, ಅಗ್ನಿಶಾಮಕ ದಳ, ಸೇನೆ ಎಂದು ಹಂಚಿಹೋದ ಪಡೆಗಳನ್ನು ಒಂದು ವ್ಯವಸ್ಥೆಗೆ ತರುವಾಗ ಎಲ್ಲರೂ ಮೊದಲು ಕೇಳುವುದು ಹೆಲಿಕಾಪ್ಟರು. ನಾವು ಅದನ್ನು ಪಟ್ಟಿಯ ಕೊನೆಗೆ ಹಾಕಿದೆವು. ಮೇಲಿಂದ ಸುರಿದ ನೀರು ಜ್ವಾಲೆಯನ್ನು ಸ್ವಲ್ಪ ಹೊತ್ತು ತಗ್ಗಿಸುತ್ತದೆ. ಅಷ್ಟರೊಳಗೆ ನೆಲದ ಮೇಲಿನವರು ಬೆಂಕಿರೇಖೆ (ಉರಿಯುವುದನ್ನೆಲ್ಲ ತೆಗೆದ ಬರೀ ಮಣ್ಣಿನ ಪಟ್ಟಿ) ಕಡಿಯದಿದ್ದರೆ ತರಗೆಲೆಯಡಿಯ ಕೆಂಡ ಮತ್ತೆ ಹೊತ್ತಿಕೊಳ್ಳುತ್ತದೆ.

ಮೊದಲು ಕೈಹಾಕಿದ್ದು ವೈರ್‌ಲೆಸ್ಸಿಗೆ. ಒಂದೊಂದು ಇಲಾಖೆಗೂ ಒಂದೊಂದು ತರಂಗಾಂತರ. ಗಾಳಿ ತಿರುಗಿದ ಸುದ್ದಿ ಪಕ್ಕದ ಗುಡ್ಡದ ತಂಡಕ್ಕೆ ಮುಟ್ಟಲು ಎರಡು ಕಂಟ್ರೋಲ್ ರೂಮು ದಾಟಬೇಕು. ಆದ್ದರಿಂದ ಎಲ್ಲರಿಗೂ ಒಂದೇ ಆದ ಮೂರು ಚಾನೆಲ್ ಗೊತ್ತುಮಾಡಿ ಪ್ರತಿ ಸೆಟ್ಟಿಗೂ ತುಂಬಿಸಿದೆವು: ಆದೇಶಕ್ಕೊಂದು, ತಂಡಗಳ ಮಾತಿಗೊಂದು, ನೆಲದಿಂದ ಹೆಲಿಕಾಪ್ಟರಿಗೊಂದು. ತಂಡಗಳ ಚಾನೆಲ್ಲು ರಿಪೀಟರ್ (ಮಾತನ್ನು ಹಿಡಿದು ಮುಂದಕ್ಕೆ ಕಳಿಸುವ ಟವರಿನ ಯಂತ್ರ) ಇಲ್ಲದೆ ಸೆಟ್ಟಿನಿಂದ ಸೆಟ್ಟಿಗೆ ನೇರವಾಗಿ ನಡೆಯಲೇಬೇಕು, ಟವರೇ ಸುಟ್ಟುಹೋಗುವುದುಂಟು. ಚಾರ್ಜ್ ಮಾಡುವ ಬ್ಯಾಟರಿಯ ಜೊತೆ ಪೆನ್ಸಿಲ್ ಸೆಲ್ ಹಾಕುವ ಬದಲಿ ಡಬ್ಬಿಯೂ ಇರಲಿ. ಕಾಡಿನಲ್ಲಿ ರಾತ್ರಿ ಕಳೆದ ತಂಡಕ್ಕೆ ಚಾರ್ಜರ್ ಸಿಗುವುದಿಲ್ಲ.

ಆಮೇಲೆ ಹೋಸ್‌ಪೈಪು. ಎರಡು ಇಲಾಖೆಗಳದೂ 38 ಮಿ.ಮೀ. ಪೈಪೇ, ಆದರೆ ಒಂದರ ಕಪ್ಲಿಂಗು (ಪೈಪು ಜೋಡಿಸುವ ತುದಿ) ತಿರುಗಿಸುವಂಥದ್ದು, ಇನ್ನೊಂದರದು ಒತ್ತಿ ಕೂರಿಸುವಂಥದ್ದು. ಎಲ್ಲವನ್ನೂ ಒಂದೇ ವರ್ಷದಲ್ಲಿ ಬದಲಿಸಲು ದುಡ್ಡಿರುವುದಿಲ್ಲ. ಮುಂದಿನ ಖರೀದಿಗೆಲ್ಲ ಒಂದೇ ಮಾದರಿ ಎಂದು ಬರೆದಿಟ್ಟು, ಅಲ್ಲಿಯವರೆಗೆ ಪ್ರತಿ ಗಾಡಿಗೂ ಅಡಾಪ್ಟರ್ ಕೊಟ್ಟೆವು. ಪಂಪು ಕೊಳ್ಳುವಾಗ ನಿಮಿಷಕ್ಕೆ ಎಷ್ಟು ಲೀಟರ್ ಎನ್ನುವುದಕ್ಕಿಂತ ಒತ್ತಡ ನೋಡಿ. ಪ್ರತಿ 10 ಮೀಟರ್ ಏರಿಗೆ ಸುಮಾರು 1 ಬಾರ್ (ಒತ್ತಡದ ಅಳತೆ) ಕಳೆಯುತ್ತದೆ. ತೊರೆಯಿಂದ 60 ಮೀಟರ್ ಮೇಲೆ, 7 ಬಾರ್ ಕೇಳುವ ನಾಝಲ್ ಹಿಡಿದರೆ 13 ಬಾರ್ ಬೇಕು. ಪೈಪಿನೊಳಗಿನ ಘರ್ಷಣೆ ಇದರ ಮೇಲೆ. ಊರಿನ ಬೆಂಕಿಗೆಂದು ಕೊಂಡ, 7–8 ಬಾರ್ ಒತ್ತಡಕ್ಕೇ ದಣಿಯುವ ಪಂಪುಗಳು ಇಳಿಜಾರಿನಲ್ಲಿ ಸೋಲುವುದು ಇದರಿಂದಲೇ. ಅಂಥದ್ದೇ ಇದ್ದರೆ ಅರ್ಧ ದಾರಿಯಲ್ಲಿ ಮಡಚುವ ತೊಟ್ಟಿಯಿಟ್ಟು ಇನ್ನೊಂದು ಪಂಪು ಜೋಡಿಸಬೇಕು.

ತಂಡ 20 ಜನರದ್ದು: ನಾಯಕ, ಸಹಾಯಕ, ಆರಾರು ಜನರ ಮೂರು ಗುಂಪು. ಒಬ್ಬ ಮೇಲ್ವಿಚಾರಕನ ಕೈಕೆಳಗೆ ಮೂರರಿಂದ ಏಳು ಜನ, ಐದಾದರೆ ಒಳ್ಳೆಯದು. ಕ್ಯಾಲಿಫೋರ್ನಿಯಾದ 1970ರ ಬೆಂಕಿಗಳ ನಂತರ ರೂಪುಗೊಂಡ ಘಟನಾ ನಿರ್ವಹಣಾ ಪದ್ಧತಿಯ ಈ ಲೆಕ್ಕ ಇಂದಿಗೂ ಸರಿಯಾಗಿದೆ. ರೇಖೆ ಕಡಿಯುವಾಗ ಗರಗಸದವರು ಮುಂದೆ, ಒಂದು ಬದಿ ಕೊಡಲಿ ಇನ್ನೊಂದು ಬದಿ ಗುದ್ದಲಿಯಿರುವ ಪುಲಾಸ್ಕಿಯವರು ಹಿಂದೆ, ಕೊನೆಗೆ ಸಲಿಕೆ ಮತ್ತು ರೇಕಿನವರು. ಇಬ್ಬರ ನಡುವೆ ಮೂರು ಮೀಟರ್ ಅಂತರ. ರೇಖೆಯ ಅಗಲ, ಪಕ್ಕದ ಹುಲ್ಲು-ಪೊದೆಯ ಎತ್ತರದ ಒಂದೂವರೆ ಪಟ್ಟಾದರೂ ಇರಲಿ. ಬೇರು, ಕಸ ಹೋಗಿ ಬರೀ ಮಣ್ಣು ಕಾಣಬೇಕು. ಒಂದು ಬೇರು ಅಡ್ಡ ಉಳಿದರೂ ಬೆಂಕಿ ಅದರೊಳಗೇ ತೆವಳಿ ಆಚೆ ಏಳುತ್ತದೆ. ಆರಿದೆ ಎನ್ನುವ ಮೊದಲು ಗ್ಲೌಸ್ ಕಳಚಿ, ಕೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದು ಅಂಚಿನುದ್ದಕ್ಕೂ ಸಾಗಬೇಕು. ಬಿಸಿ ತಾಗಿದಲ್ಲಿ ಅಗೆದು, ನೀರು ಬೆರೆಸಿ ಕಲಸಬೇಕು.

ಇಷ್ಟು ಕಲಿತವರನ್ನು ಮಳೆ ಬಿದ್ದ ಕೂಡಲೇ ಮನೆಗೆ ಕಳಿಸಿದರೆ ಮುಂದಿನ ಬೇಸಿಗೆಗೆ ಹೊಸಬರೇ ಗತಿ. ಇದು ನನಗೆ ಎಲ್ಲಕ್ಕಿಂತ ದೊಡ್ಡ ನಷ್ಟವಾಗಿ ಕಾಣುತ್ತದೆ. ವರ್ಷವಿಡೀ ಸಂಬಳ ಕೊಟ್ಟು, ತಂಪು ಕಾಲದಲ್ಲಿ ಅವರಿಂದಲೇ ನಿಯಂತ್ರಿತ ದಹನ (ಒಣ ಹುಲ್ಲು-ತರಗೆಲೆಯನ್ನು ಹಿಡಿತದಲ್ಲಿಟ್ಟು ಮೊದಲೇ ಸುಡುವುದು) ಮಾಡಿಸಬೇಕು. ಪೋರ್ಚುಗಲ್ಲಿನಲ್ಲಿ 2017ರ ಬೆಂಕಿಗಳು ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಮೇಲೆ, ತಡೆಯುವ ಕೆಲಸವನ್ನೂ ನಂದಿಸುವ ಕೆಲಸವನ್ನೂ ಒಟ್ಟಿಗೆ ಹೊಂದಿಸಲು ಹೊಸ ಸಂಸ್ಥೆಯೇ ಬಂತು.

ಒಳಉಡುಪು ಹತ್ತಿಯದೇ ಆಗಬೇಕು, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಬೆಂಕಿ ಸುತ್ತುವರಿದಾಗ ಹೊದ್ದು ಮಲಗುವ ರಕ್ಷಣಾ ಹೊದಿಕೆ ಬಿಸಿಲಿನಂತೆ ಬಂದು ತಾಗುವ ಕಾವನ್ನು ಹಿಂದಕ್ಕೆ ಹೊಡೆಯುತ್ತದೆ, ಜ್ವಾಲೆಯೇ ತಾಗಿದರೆ ತಡೆಯದು. 2013ರಲ್ಲಿ ಅರಿಝೋನಾದ ಯಾರ್ನೆಲ್ ಹಿಲ್‌ನಲ್ಲಿ ಹೊದಿಕೆಯಿದ್ದೂ 19 ಮಂದಿ ಸತ್ತರು. ಕಾವಲಿನವನೊಬ್ಬ, ಸಂಪರ್ಕ, ಎರಡು ತಪ್ಪಿಸಿಕೊಳ್ಳುವ ದಾರಿ, ಮೊದಲೇ ಸುಟ್ಟ ಅಥವಾ ಬಯಲಾದ ಸುರಕ್ಷಿತ ಜಾಗ, ಈ ನಾಲ್ಕೂ ಗೊತ್ತಾಗುವವರೆಗೆ ಕೆಲಸ ಶುರುವಾಗಬಾರದು.

ಹೊಗೆಯನ್ನು ಬಹುಕಾಲ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿತು. ಮುಖಕ್ಕೆ ಕಟ್ಟಿದ ಕರವಸ್ತ್ರ ಸೂಕ್ಷ್ಮ ಕಣಗಳನ್ನು ತಡೆಯದು. ಎನ್95 ಕಣಗಳನ್ನು ತಡೆದರೂ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡನ್ನು ಒಳಗೆ ಬಿಟ್ಟುಬಿಡುತ್ತದೆ. ಆದ್ದರಿಂದ ಮುಖವಾಡದ ಜೊತೆ ಈ ಅನಿಲ ಅಳೆಯುವ ಸಣ್ಣ ಮೀಟರನ್ನು ಗುಂಪಿಗೊಂದರಂತೆ ಕೊಟ್ಟು, ಅದು ಕೂಗಿದರೆ ಹೊಗೆಯಲ್ಲಿರುವವರನ್ನು ಗಾಳಿ ಬರುವ ದಿಕ್ಕಿಗೆ ಕರೆಸಿಕೊಳ್ಳುವ ಅಧಿಕಾರವನ್ನು ಗುಂಪಿನ ನಾಯಕನಿಗೇ ಬಿಟ್ಟೆವು.